ಬಾವಿ ಬಿಟ್ಟು ಕಟ್ಟಿದ ಮನೆ

ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಓಡಾಡಿದವರಿಗೆ ಶೋಭಾರಾಣಿಯ ದನಿ ಮರೆಯುವುದಿಲ್ಲ. ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮೆಷಿನ್ನು. ಎಂಥ ನೂಕುನುಗ್ಗಲಿನಲ್ಲೂ ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿನವರೆಗೆ ದಾರಿ ಮಾಡಿಕೊಂಡು ಹೋಗುವ ಹೆಂಗಸು. "ಒಳಗ್ ಬನ್ರೀ, ಒಳಗ್ ಬನ್ನಿ, ಬಾಗ್ಲಲ್ಲೇ ಯಾಕ್ರೀ ಸಂಸಾರ ಹೂಡಿದೀರ!" ಎಂದು ಅವಳು ಕೂಗಿದರೆ ಲ್ಯಾಪ್‌ಟಾಪ್ ಬ್ಯಾಗಿನ ಹುಡುಗರೂ ಸೊಪ್ಪಿನ ಮೂಟೆಯ ಹೆಂಗಸರೂ ನಗುತ್ತ ಒಳಗೆ ಸರಿಯುತ್ತಾರೆ. ಮಾಲೂರಿನ ಕಡೆಯ ಹಳ್ಳಿಯಿಂದ ವರ್ತೂರಿನ ನಮ್ಮ ಬೀದಿಗೆ ಸೊಸೆಯಾಗಿ ಬಂದಾಗ ಅವಳು ತಲೆ ಎತ್ತಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮಗಳು ರಕ್ಷಿತಾ ಅಂಗನವಾಡಿಗೆ ಹೋಗುವ ಕಾಲಕ್ಕೆ ಕಂಡಕ್ಟರ್ ಕೆಲಸ ಸಿಕ್ಕಿತು. ಅಲ್ಲಿಂದ ದನಿಯೂ ಏರಿತು, ನಡಿಗೆಯೂ ಬದಲಾಯಿತು.

ಅವಳು ಬಂದು ಸೇರಿದ ಮನೆ ಮಾತ್ರ ಹಾಗೇ ಇತ್ತು. ಮಣ್ಣಿನ ಗೋಡೆ, ನಾಡಹೆಂಚಿನ ಸೂರು. ಮಾವ ವೆಂಕಟೇಶಪ್ಪ ತೀರಿಕೊಂಡು ಪಾಲಾದಾಗ ಹೊಲವೆಲ್ಲ ದೊಡ್ಡ ಮಗನಿಗೆ ಹೋಗಿ, ಊರೊಳಗಿನ ಈ ಮನೆ ಚಿಕ್ಕ ಮಗ ಶಿವಶಂಕರನಿಗೆ ಬಂದಿತ್ತು. ದೊಡ್ಡವನು ಗುಂಜೂರು ರಸ್ತೆಯಲ್ಲಿ ಐದಂತಸ್ತಿನ ಕಟ್ಟಡ ಎಬ್ಬಿಸಿ ಬಾಡಿಗೆಯಲ್ಲಿ ನೆಮ್ಮದಿಯಾಗಿದ್ದ. ಶಿವಶಂಕರ ವೈಟ್‌ಫೀಲ್ಡಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು, ಪಂಪು, ಜನರೇಟರು ನೋಡಿಕೊಳ್ಳುವ ಕೆಲಸದಲ್ಲಿದ್ದ. ನಮ್ಮ ಬೀದಿಯಲ್ಲೂ ಒಂದೊಂದಾಗಿ ಹಳೆಯ ಮನೆಗಳು ಬಿದ್ದು ಎತ್ತರದ ಕಟ್ಟಡಗಳು ಎದ್ದವು. ಅವುಗಳ ನಡುವೆ ಶೋಭಾರಾಣಿಯ ಮನೆ ಹಳ್ಳದಲ್ಲಿ ಕೂತ ಹಾಗೆ ಕಾಣುತ್ತಿತ್ತು. ಪಕ್ಕದ ಕಟ್ಟಡದ ಪೈಪಿನ ನೀರು ನೇರವಾಗಿ ಇವರ ಹೆಂಚಿನ ಮೇಲೆ ಸುರಿಯುತ್ತಿತ್ತು.

ಒಂದು ಮಳೆಗಾಲದ ಮಧ್ಯಾಹ್ನ ಹಿಂದಿನ ಗೋಡೆ ಕುಸಿಯಿತು. ರಕ್ಷಿತಾ ಓದಲು ಕೂರುತ್ತಿದ್ದ ಮೇಜು ಮಣ್ಣಿನಡಿ ಅಪ್ಪಚ್ಚಿಯಾಯಿತು. ಪುಣ್ಯಕ್ಕೆ ಹುಡುಗಿ ಕಾಲೇಜಿನಲ್ಲಿದ್ದಳು. ಕೆಲಸ ಮುಗಿಸಿ ಬಂದ ಶೋಭಾರಾಣಿ ಮಣ್ಣಿನ ಗುಡ್ಡೆಯನ್ನು ಒಂದು ಸುತ್ತು ಹಾಕಿ ನೋಡಿದಳು. ಆಮೇಲೆ ಗಂಡನಿಗೆ ಫೋನ್ ಮಾಡಿ, "ಗೋಡೆ ರಿಪೇರಿಗೆ ಯಾರನ್ನೂ ಕರೀಬೇಡಿ. ಹೊಸ ಮನೆ ಕಟ್ಟೋಣ" ಎಂದಳು.

ಕಟ್ಟುವ ವಿಷಯದಲ್ಲಿ ಮನೆಯವರಿಗೆಲ್ಲ ಒಂದೇ ಮನಸ್ಸು. ಎಂಥ ಮನೆ ಎನ್ನುವುದರಲ್ಲಿ ತಲೆಗೊಂದು ಮಾತು.

"ಕೆಳಗೆ ಪಾರ್ಕಿಂಗು, ಮೇಲೆ ನಾಲ್ಕು ಫ್ಲೋರು. ಮೂರು ಫ್ಲೋರು ಬಾಡಿಗೆಗೆ ಬಿಟ್ಟು ನಾವು ತುದೀಲಿ ಇರೋಣ" ಎಂದ ಶಿವಶಂಕರ. ಈ ಮಾತನ್ನು ಅವನು ಬಹಳ ದಿನಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದ. ಬಾಡಿಗೆ ಬರಲು ಶುರುವಾದರೆ ಪಾಳಿ ಕೆಲಸ ಬಿಟ್ಟು ಒಂದು ಎಲೆಕ್ಟ್ರಿಕಲ್ ಅಂಗಡಿ ಇಡಬೇಕೆಂಬುದು ಅವನ ಆಸೆ.

ಅವನ ತಾಯಿ ಚಿಕ್ಕಮುನಿಯಮ್ಮ ಒಪ್ಪಲಿಲ್ಲ. "ನಾನು ಆಕಾಸದಾಗೆ ವಾಸ ಮಾಡಕ್ಕಿಲ್ಲ ಕಣಪ್ಪ. ನಂಗೆ ನೆಲದ ಮ್ಯಾಗೆ ಒಂದು ಕೋಣೆ, ಬಿಸಿಲು ಕಾಯಾಕೆ ಒಂದು ಜಗುಲಿ. ಅಷ್ಟೇಯ."

ರಕ್ಷಿತಾಳಿಗೆ ಬೇಕಾದದ್ದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮತ್ತು ಮೊಬೈಲಿಗೆ ಸಿಗ್ನಲ್ ಸಿಗುವ ಕಿಟಕಿ.

ಶೋಭಾರಾಣಿ ಎಲ್ಲರ ಮಾತನ್ನೂ ಕೇಳಿ ತೀರ್ಮಾನ ಹೇಳಿದಳು. ನೆಲದ ಮಹಡಿ ತಮಗೆ, ಮೇಲಿನ ಮೂರು ಮಹಡಿ ಬಾಡಿಗೆಗೆ. ಗಂಡ ಒಪ್ಪಿದ, ಜಗುಲಿ ಮರೆಯಬೇಡಿ ಎಂದು ಗೊಣಗುತ್ತ ಅತ್ತೆಯೂ ಒಪ್ಪಿದಳು. ಬೀದಿಯಲ್ಲಿ ಆಗಲೇ ಎರಡು ಕಟ್ಟಡ ಮುಗಿಸಿದ್ದ ಲೋಕೇಶ್ ಎಂಬ ಕಂಟ್ರಾಕ್ಟರನಿಗೆ ಕೆಲಸ ವಹಿಸಿದರು.

ಹಳೆಯ ಮನೆ ಒಡೆಯುವ ಹಿಂದಿನ ದಿನ ಚಿಕ್ಕಮುನಿಯಮ್ಮ ತನ್ನ ಟ್ರಂಕಿನೊಂದಿಗೆ ಹೊಸಕೋಟೆಯ ಮಗಳ ಮನೆಗೆ ಹೊರಟುಬಿಟ್ಟಳು. "ಒಡೆಯಾದು ನನ್ ಕಣ್ಮುಂದೆ ಬ್ಯಾಡ. ಸೂರಿಗೆ ಮೋಲ್ಡು ಆಕೋ ದಿನ ಏಳಿ ಕಳ್ಸು, ಬತ್ತೀನಿ" ಎಂದು ಸೊಸೆಯ ಕೈ ಹಿಡಿದು ಹೇಳಿದಳು. ಬಸ್ಸು ಹತ್ತುವಾಗ ಹಿಂತಿರುಗಿ ನೋಡಲಿಲ್ಲ.

ಉಳಿದ ಮೂವರು ಕೆರೆಯ ಕಡೆಯ ಒಂದು ವಠಾರಕ್ಕೆ ಹೋದರು. ತಗಡಿನ ಸೂರಿನ ಒಂಟಿ ಕೋಣೆಗಳ ಸಾಲು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಲ್ಲಿದ್ದವರೆಲ್ಲ ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಊರಿನವರು ಬಾಡಿಗೆಗೆ ಕೊಡುವುದೇ ಹೊರತು ಅಲ್ಲಿ ಹೋಗಿ ಇರುವುದಿಲ್ಲ. ಶಿವಶಂಕರನ ಅತ್ತಿಗೆ ಮೂಗು ಮುರಿದಳು, "ವೆಂಕಟೇಶಪ್ಪನ ಸೊಸೆ ಆಗಿ ಶೀಟ್ ಮನೇಲಿ ಇರ್ತೀಯಾ? ನಮ್ ಬಿಲ್ಡಿಂಗಲ್ಲಿ ಒಂದು ಮನೆ ಕೊಡ್ತಿದ್ವಲ್ಲ."

"ಬೇಡಕ್ಕ. ಸೈಟಿಗೆ ಇದು ಹತ್ತಿರ" ಎಂದಳು ಶೋಭಾರಾಣಿ. ಹತ್ತಿರ ಎನ್ನುವುದು ನಿಜವೇ. ಆದರೆ ಭಾವನ ಮನೆಯಲ್ಲಿ ಉಪಕಾರದ ನೆರಳಿನಲ್ಲಿ ಇರುವುದಕ್ಕಿಂತ ತಗಡಿನ ಬಿಸಿಲೇ ವಾಸಿ ಎಂದು ಅವಳಿಗೆ ಅನ್ನಿಸಿತ್ತು.

ಪಕ್ಕದ ಕೋಣೆಯಲ್ಲಿ ಸೋಮಪ್ಪ, ಸಿದ್ದಕ್ಕ ಎಂಬ ಗಂಡ ಹೆಂಡತಿ. ಅವನು ಗಾರೆ ಕೆಲಸದವನು, ಅವಳು ಕಲ್ಲು ಮಣ್ಣು ಹೊರುವವಳು. ಮೊದಲ ದಿನವೇ ಸಿದ್ದಕ್ಕ ನಲ್ಲಿಯ ಮುಂದಿನ ಸಾಲಿನಿಂದ ಸರಿದು, "ನೀವು ಡೂಟಿಗೆ ಹೋಗೋರು, ಮೊದ್ಲ ತುಂಬ್ಕೋರಿ ಅಕ್ಕಾರ" ಎಂದಳು. ಶೋಭಾರಾಣಿ ಒಪ್ಪಲಿಲ್ಲ. "ನೀವೂ ಡ್ಯೂಟಿಗೇ ಹೋಗೋರಲ್ವಾ? ಲೈನಲ್ಲಿ ಬರ್ತೀನಿ ಬಿಡಿ" ಎಂದು ಕೊಡ ಹಿಡಿದು ಹಿಂದೆ ನಿಂತಳು. ಆ ವಾರದಲ್ಲೇ ಒಬ್ಬರ ಮನೆಯ ಜೋಳದ ರೊಟ್ಟಿ ಇನ್ನೊಬ್ಬರ ಮನೆಗೂ, ಅಲ್ಲಿಯ ಮುದ್ದೆ ಸಾರು ಇಲ್ಲಿಗೂ ಓಡಾಡತೊಡಗಿತು.

ಗುದ್ದಲಿ ಪೂಜೆ ಚೆನ್ನಾಗಿಯೇ ಆಯಿತು. ಜೆಸಿಬಿ ಬಂದು ಕಂಬಗಳ ಗುಂಡಿ ತೆಗೆಯಲು ಶುರುಮಾಡಿತು. ಮುಂಭಾಗದಲ್ಲಿ ಗಟ್ಟಿ ಕೆಂಪು ಮಣ್ಣು. ಹಿಂದಿನ ಮೂಲೆಗೆ ಹೋದಾಗ ಮಣ್ಣಿನ ಬಣ್ಣ ಬದಲಾಯಿತು. ಕಪ್ಪಗೆ ಪುಡಿಪುಡಿಯಾದ ಮಣ್ಣಿನ ಜೊತೆ ಒಡೆದ ಹೆಂಚು, ಮಡಕೆ ಚೂರು, ಹಳೆಯ ಬಟ್ಟೆ ಬರತೊಡಗಿದವು. ನೋಡನೋಡುತ್ತಿದ್ದಂತೆ ಜೆಸಿಬಿಯ ಹಿಂದಿನ ಚಕ್ರ ನೆಲದೊಳಗೆ ಇಳಿಯಿತು. ಡ್ರೈವರ್ ಹೌಹಾರಿ ಹೊರಗೆ ನೆಗೆದ. ಇನ್ನೊಂದು ಜೆಸಿಬಿ ತರಿಸಿ ಇದನ್ನು ಎಳೆಯಬೇಕಾಯಿತು. ಮಣ್ಣು ಸರಿಸಿ ನೋಡಿದರೆ ದುಂಡಗೆ ಜೋಡಿಸಿದ ಕಲ್ಲಿನ ಅಂಚು. ಬಾವಿ.

ಶಿವಶಂಕರ ತಾಯಿಗೆ ಫೋನ್ ಮಾಡಿದ. ಆ ಕಡೆಯಿಂದ ಅವಳು ಖಡಾಖಂಡಿತವಾಗಿ ಹೇಳಿದಳು: "ಬಾವಿ ಇದ್ದಿದ್ದು ಪಕ್ಕದೋರ ಜಾಗದಾಗೆ. ನಮ್ ಜಾಗದಾಗೆ ಎಲ್ಲಿಂದ ಬತ್ತದೆ? ಇನ್ನೊಂದ್ಸಾರಿ ನೋಡ್ರೋ." ನೋಡಿದರೂ ಬಾವಿ ಅಲ್ಲೇ ಇತ್ತು. ನಲ್ಲಿ ನೀರು ಬಂದ ಕಾಲದಲ್ಲಿ ಯಾರೋ ಕಸ ಕಡ್ಡಿ ತುಂಬಿ ಮುಚ್ಚಿದ್ದರು. ಆಮೇಲೆ ಗೋಡೆಗಳು ಅತ್ತಿತ್ತ ಸರಿದು, ಬಾವಿ ಯಾರದು, ಎಲ್ಲಿತ್ತು ಎನ್ನುವುದೇ ಊರಿಗೆ ಮರೆತುಹೋಗಿತ್ತು.

ಲೋಕೇಶ್ ಮಾತ್ರ ಹೆದರಲಿಲ್ಲ. "ಟೆನ್ಷನ್ ತಗೋಬೇಡಿ ಮೇಡಂ. ಕಲ್ಲು ಜಲ್ಲಿ ತುಂಬ್ಸಿ, ಮೇಲೆ ದಪ್ಪಗೆ ಕಾಂಕ್ರೀಟ್ ಹಾಕ್ಬಿಟ್ರೆ ಆಯ್ತು. ಕಂಬ ಆರಾಮಾಗಿ ನಿಂತ್ಕೊಳ್ಳುತ್ತೆ."

"ನಿಮ್ಮ ಸ್ವಂತ ಮನೆ ಆಗಿದ್ರೆ ಹಾಗೇ ಮಾಡ್ತಿದ್ರಾ?"

"ಅಯ್ಯೋ, ಎಷ್ಟು ಕಡೆ ಮಾಡಿಲ್ಲ ಮೇಡಂ!"

"ನಾನು ಕೇಳಿದ್ದು ನಿಮ್ಮ ಮನೆ ಬಗ್ಗೆ."

ಲೋಕೇಶ್ ನಕ್ಕು ಮಾತು ಬದಲಿಸಿದ. ಆ ನಗು ಶೋಭಾರಾಣಿಗೆ ಹಿಡಿಸಲಿಲ್ಲ. ಟಿಕೆಟ್ ತಗೊಳ್ಳದೆ "ಪಾಸ್ ಇದೆ" ಎನ್ನುವವರ ಮುಖದ ಮೇಲೆ ಅಂಥ ನಗುವನ್ನು ಅವಳು ದಿನಾ ನೋಡುತ್ತಿದ್ದಳು. "ಎರಡು ದಿನ ಕೆಲಸ ನಿಲ್ಸಿ. ವಿಚಾರಿಸಿ ಹೇಳ್ತೀನಿ" ಎಂದಳು.

ಅವಳ ಬಸ್ಸಿನಲ್ಲಿ ಹೋಪ್ ಫಾರಂನಿಂದ ಹತ್ತುತ್ತಿದ್ದ ಮಂಜುಶ್ರೀ ಎಂಬ ಹುಡುಗಿ ಕಟ್ಟಡಗಳ ಇಂಜಿನಿಯರ್. ಕಬ್ಬಿಣ, ಕಂಬ, ಬೀಮು ಎಂದು ಫೋನಿನಲ್ಲಿ ಮಾತಾಡುತ್ತಿದ್ದುದು ಶೋಭಾರಾಣಿಯ ಕಿವಿಗೆ ಎಷ್ಟೋ ಸಲ ಬಿದ್ದಿತ್ತು. ಮರುದಿನ ಟಿಕೆಟ್ ಕೊಡುತ್ತಲೇ ವಿಷಯ ಹೇಳಿದಳು. ಮಂಜುಶ್ರೀ ಶನಿವಾರ ಬೂಟು ಹಾಕಿಕೊಂಡು ಬಂದು, ಗುಂಡಿಗೆ ಇಳಿದು, ಮಣ್ಣು ಕೈಯಲ್ಲಿ ಹಿಸುಕಿ ನೋಡಿದಳು. ಮುಚ್ಚುಮರೆ ಇಲ್ಲದೆ ಹೇಳಿದಳು.

"ಅಕ್ಕ, ತುಂಬಿಸಿ ಮೇಲೆ ಕಂಬ ನಿಲ್ಲಿಸೋದು ಬೇಡವೇ ಬೇಡ. ಒಂದೋ ತಳದ ಗಟ್ಟಿ ಮಣ್ಣಿನ ತನಕ ಅಗೆದು ಅಲ್ಲಿಂದ ಕಂಬ ಎಬ್ಬಿಸ್ಬೇಕು. ಅದು ದೊಡ್ಡ ಕೆಲಸ, ಪಕ್ಕದ ಬಿಲ್ಡಿಂಗಿನ ಪಾಯಕ್ಕೂ ಅಪಾಯ. ಇಲ್ಲಾ ಬಾವಿ ಇರೋ ಮೂಲೆ ಪೂರ್ತಿ ಬಿಟ್ಟು, ಉಳಿದ ಜಾಗದಲ್ಲಿ ಚಿಕ್ಕದಾಗಿ ಕಟ್ಬೇಕು. ಆಗ ಎರಡು ಮಹಡಿಗಿಂತ ಮೇಲೆ ನಾನು ಒಪ್ಪಲ್ಲ."

ಎರಡು ಮಹಡಿ ಎಂದರೆ ಬಾಡಿಗೆ ಮನೆಗಳ ಕನಸು ಮುಗಿದ ಹಾಗೆ. ಶಿವಶಂಕರನ ಮುಖ ಕಪ್ಪಿಟ್ಟಿತು. ಮಂಜುಶ್ರೀ ಹೋದ ಮೇಲೆ ಗಂಡ ಹೆಂಡತಿ ಇಟ್ಟಿಗೆ ರಾಶಿಯ ಮೇಲೆ ಕೂತರು.

"ಬೀದೀಲಿ ಎಲ್ಲರೂ ಐದು ಎಬ್ಬಿಸವ್ರೆ. ನಾವೊಬ್ಬರೇ ಕುಳ್ಳಗೆ ಕೂತ್ಕೋಬೇಕಾ? ಲೋಕೇಶ್ ಮಾಡ್ತೀನಿ ಅಂತಾನಲ್ಲ."

"ಲೋಕೇಶ್ ಮಾಡಿ ಹೋಗ್ತಾರೆ ರೀ. ಅದ್ರೊಳಗೆ ಮಲಗೋರು ನಾವು. ಬಾಡಿಗೆಗೆ ಬರೋರೂ ಯಾರದೋ ಮಕ್ಕಳು."

"ನನ್ ಅಂಗಡಿ?"

ಶೋಭಾರಾಣಿ ಅವನ ಕಡೆ ತಿರುಗಿ ಕೂತಳು. ಅವನ ಪಾಳಿ ಕೆಲಸದ ಸುಸ್ತು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮೆತ್ತಗೆ, ಸ್ಪಷ್ಟವಾಗಿ ಹೇಳಿದಳು: "ಅಂಗಡಿ ಬೇರೆ ದಾರೀಲಿ ಮಾಡೋಣ. ಬೀಳೋ ಮನೆಯಿಂದ ತಪ್ಪಿಸ್ಕೊಂಡು ಬಂದು ಮತ್ತೆ ಬೀಳೋ ಮನೇನೇ ಕಟ್ಟಲ್ಲ ನಾನು."

ಶಿವಶಂಕರ ಎದ್ದು ಹೋದ. ಅಣ್ಣನ ಮನೆಗೆ ಹೋಗಿ ಅಲ್ಲೇ ಉಳಿದ. ಮೂರ್ನಾಲ್ಕು ದಿನದ ಮೇಲೆ ವಠಾರಕ್ಕೆ ಬಂದವನು ಬಟ್ಟೆ ಚೀಲ ಇಟ್ಟು, "ನಿನ್ನಿಷ್ಟದ ಹಾಗೆ ಮಾಡು. ನನ್ನ ಏನೂ ಕೇಳ್ಬೇಡ" ಎಂದಷ್ಟೇ ಹೇಳಿದ. ಅಲ್ಲಿಂದ ಮುಂದೆ ಅವನು ಸೈಟಿಗೆ ಬರುತ್ತಿದ್ದುದು ನೆಂಟನ ಹಾಗೆ. ಕೈ ಹಿಂದೆ ಕಟ್ಟಿಕೊಂಡು ನೋಡುವುದು, ಹೋಗುವುದು.

ಹೊಸ ನಕ್ಷೆಯ ಮಾತು ಕೇಳಿ ಲೋಕೇಶ್ ಕೂಡ ಕೈಕೊಡವಿದ. "ಇಷ್ಟು ಸಣ್ಣ ಕೆಲಸ ನಂಗೆ ವರ್ಕೌಟ್ ಆಗಲ್ಲ ಮೇಡಂ" ಎಂದು ಹಲಗೆ, ಬಾಂಡ್ಲಿ, ಮಿಕ್ಸರು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಹೊರಟ. ಉಳಿದದ್ದು ಅಗೆದ ಗುಂಡಿಗಳು, ಮೂಲೆಯಲ್ಲಿ ಬಾಯಿ ತೆರೆದ ಬಾವಿ, ಮಳೆಯಲ್ಲಿ ನೆನೆದು ಕೆಂಪಗಾಗುತ್ತಿದ್ದ ಕಬ್ಬಿಣ. ಬೀದಿಯವರು ನಿಂತು ನೋಡಿ ತುಟಿ ಸಪ್ಪರಿಸಿದರು. "ಬಾವಿ ಮುಟ್ಬಾರ್ದಿತ್ತು" ಎಂದರು ಕೆಲವರು. "ಹೆಂಗಸು ಮುಂದೆ ನಿಂತ್ರೆ ಇಷ್ಟೇ" ಎಂದರು ಇನ್ನು ಕೆಲವರು. ಈ ಮಾತುಗಳು ಅವಳ ಕಿವಿಗೂ ಬಿದ್ದವು. ಒಂದು ಸಂಜೆ ಅವಳು ಕೆರೆ ಏರಿಯ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟಳಂತೆ. ಅದನ್ನು ಅವಳೇ ಆಮೇಲೆ ನನಗೆ ಹೇಳಿದಳು. "ಅತ್ಬಿಟ್ಟೆ, ಮುಖ ತೊಳ್ಕೊಂಡೆ, ಸೋಮಪ್ಪನ ಹತ್ರ ಹೋದೆ" ಎಂದು ಒಂದೇ ಉಸಿರಿನಲ್ಲಿ.

ಸೋಮಪ್ಪ ಆವರೆಗೆ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಗೋಡೆ ಕಟ್ಟಿದವನೇ ಹೊರತು ಪಾಯದಿಂದ ಸೂರಿನವರೆಗೆ ಒಂದು ಮನೆಯನ್ನು ತಾನೇ ಹೊತ್ತು ಮುಗಿಸಿದವನಲ್ಲ. ಕೇಳಿದಾಗ ಗಾಬರಿಯಾದ.

"ಬ್ಯಾಡ್ರಿ ಅಕ್ಕಾರ, ಕೆಟ್ರ ನಿಮ್ಮನಿ ಕೆಡ್ತದ."

ಸಿದ್ದಕ್ಕ ಒಳಗಿನಿಂದ ಕೂಗಿದಳು, "ಎಷ್ಟ ದಿನಾ ಮಂದಿ ಕೈಕೆಳಗ ಇರ್ತಿ? ಹೂಂ ಅನ್ನು!"

"ಇಂಜಿನಿಯರಮ್ಮ ಹೇಳಿದ ಹಾಗೆ ನೀನು ಮಾಡು, ನೀನು ಮಾಡಿದ್ದನ್ನ ನಾನು ನೋಡ್ತೀನಿ" ಎಂದಳು ಶೋಭಾರಾಣಿ. "ಕೆಟ್ರೆ ಇಬ್ರೂ ಸೇರಿ ಸರಿ ಮಾಡೋಣ."

ಅವಳು ಬೆಳಗಿನ ಪಾಳಿಯನ್ನೇ ಕಾಯಂ ಕೇಳಿ ಪಡೆದಳು. ಮಧ್ಯಾಹ್ನ ಡಿಪೋದಲ್ಲಿ ಲೆಕ್ಕ ಒಪ್ಪಿಸಿ ನೇರವಾಗಿ ಸೈಟಿಗೆ. ಖಾಕಿಯಲ್ಲೇ ನಿಂತು ಗೋಡೆಗೆ ನೀರು ಹಾಕುವುದು, ಮರಳು ಜರಡಿ ಹಿಡಿಸುವುದು, ಸಿಮೆಂಟ್ ಮೂಟೆ ನೆನೆಯದಂತೆ ಮುಚ್ಚಿಸುವುದು. ರಕ್ಷಿತಾ ಕಾಲೇಜಿನಿಂದ ಬಂದು ಕಾಫಿ ಕೊಡುತ್ತಿದ್ದಳು. ಪಾಯ ಬಿತ್ತು, ಕಂಬ ಎದ್ದವು, ಗೋಡೆ ಸೊಂಟದೆತ್ತರಕ್ಕೆ ಬಂದವು. ಬಾವಿ ತೋಡುವ ಕುಲಕಸುಬಿನವರು ನಾಲ್ವರು ಬಂದು ಹಿಂದಿನ ಮೂಲೆಯ ಕಸವನ್ನೆಲ್ಲ ಎತ್ತಿ ಹಾಕಿದರು. ತಳದಲ್ಲಿ ನೀರು ಒಸರಿತು. ಪರೀಕ್ಷೆ ಮಾಡಿಸಿದಾಗ ಕುಡಿಯಲು ಬಾರದು ಎಂದು ತಿಳಿಯಿತು. ಪಾತ್ರೆ ಬಟ್ಟೆಗೆ, ಗೋಡೆಗೆ ಹಾಕಲಿಕ್ಕೆ ಸಾಕಾಯಿತು. ಆ ಬೇಸಿಗೆಯಲ್ಲಿ ಬೀದಿಯವರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ ಇವರ ಕೆಲಸ ನೀರಿಲ್ಲದೆ ಒಂದು ದಿನವೂ ನಿಲ್ಲಲಿಲ್ಲ.

ಸೋಮಪ್ಪ ತಪ್ಪೂ ಮಾಡಿದ. ಒಂದು ಮಧ್ಯಾಹ್ನ ಶೋಭಾರಾಣಿ ಬರುವಷ್ಟರಲ್ಲಿ ಮೆಟ್ಟಿಲುಗಳ ಅರ್ಧ ಕೆಲಸ ಮುಗಿದಿತ್ತು. ಅವಳು ಹತ್ತಿ ಇಳಿದು, ಮತ್ತೆ ಹತ್ತಿದಳು.

"ಎತ್ತರ ಜಾಸ್ತಿ ಆಗಿದೆ ಸೋಮಪ್ಪ."

"ಜಾಗ ಕಮ್ಮಿ ಐತ್ರಿ. ಮೆಟ್ಲ ಎತ್ತರ ಇಟ್ರ ಸಂಖ್ಯೆ ಕಮ್ಮಿ ಆಗ್ತಾವ. ಎಲ್ಲಾ ಕಡೆ ಹಿಂಗ ಮಾಡ್ತಾರ."

"ಬಸ್ಸಿನ ಮೆಟ್ಲು ಎತ್ತರ ಇದ್ರೆ ವಯಸ್ಸಾದೋರು ಹೆಂಗೆ ಒದ್ದಾಡ್ತಾರೆ ಅಂತ ದಿನಾ ನೋಡೋಳು ನಾನು. ಮಂಡಿ ಮೇಲೆ ಕೈ ಇಟ್ಕೊಂಡು, ಕಂಬಿ ಹಿಡ್ಕೊಂಡು, ನಾನು ಕೈ ಕೊಟ್ಟು ಎಳ್ಕೋಬೇಕು. ಕಾಳು ಒಣಗಿಸಕ್ಕೆ ಮೇಲೆ ಹತ್ತೋ ನಮ್ಮತ್ತೆಗೆ ಮನೇಲೂ ಕಂಡಕ್ಟರ್ ಇಡಕ್ಕಾಗುತ್ತಾ? ಒಡೀರಿ."

ಸೋಮಪ್ಪನ ಮುಖ ಚಿಕ್ಕದಾಯಿತು. ಕಟ್ಟಿದ್ದನ್ನು ಒಡೆಯುವುದು ಗಾರೆಯವನಿಗೆ ಅವಮಾನ. ಆದರೂ ಸುತ್ತಿಗೆ ಎತ್ತಿಕೊಂಡ. ಎರಡನೇ ಸಲ ಕಟ್ಟುವಾಗ ಸಿದ್ದಕ್ಕನನ್ನೇ ಪ್ರತಿ ಮೆಟ್ಟಿಲ ಮೇಲೂ ಹತ್ತಿಸಿ ನೋಡಿದ. ನಡುಮನೆ ಒಂದು ಮಾರು ಚಿಕ್ಕದಾಯಿತು, ಮೆಟ್ಟಿಲು ಹಗುರಾಯಿತು.

ನೆಲದ ಮಹಡಿಯ ಸೂರಿಗೆ ಕಾಂಕ್ರೀಟಿನ ಮೋಲ್ಡು ಹಾಕುವ ದಿನ ಬಂತು. ಆಕಾಶ ಬೆಳಗ್ಗೆ ಗಾಜಿನಂತಿತ್ತು. ಮಾತು ಕೊಟ್ಟಿದ್ದಂತೆ ಚಿಕ್ಕಮುನಿಯಮ್ಮ ಹೊಸಕೋಟೆಯಿಂದ ಬಂದಿಳಿದಳು. ಬಂದವಳು ಬಾವಿಯ ಮುಂದೆ ನಿಂತು, "ಅಯ್ಯೋ ಶಿವನೆ, ಇಲ್ಲೇ ಐತಲ್ಲ!" ಎಂದು ಗಲ್ಲಕ್ಕೆ ಕೈ ಇಟ್ಟುಕೊಂಡಳು. ಆಮೇಲೆ ಪಕ್ಕದವರ ಕಡೆ ತಿರುಗಿ, "ನಾನು ಏಳ್ತಾನೇ ಇದ್ದೆ" ಎಂದಳು. ರಕ್ಷಿತಾ ನಗು ತಡೆಯಲಾಗದೆ ಆಚೆ ಓಡಿದಳು.

ಮಿಕ್ಸರು ಗುಡುಗುಟ್ಟತೊಡಗಿತು. ವಠಾರದವರೆಲ್ಲ ಅಂದು ಸೋಮಪ್ಪನ ಗುಂಪಿನಲ್ಲಿದ್ದರು. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರಿದವು. ಮುಕ್ಕಾಲು ಪಾಲು ಮುಗಿಯುವ ಹೊತ್ತಿಗೆ ಕೆರೆಯ ಕಡೆಯಿಂದ ಕಪ್ಪು ಮೋಡ ಎದ್ದಿತು. ಗಾಳಿ ಬೀಸಿ ಸಿಮೆಂಟಿನ ಖಾಲಿ ಚೀಲಗಳು ಬೀದಿಯ ಉದ್ದಕ್ಕೂ ಹಾರಿದವು. ಸೋಮಪ್ಪ ಮೇಲಿನಿಂದ, "ಟಾರ್ಪಾಲ್ ಸಾಲೂದಿಲ್ರಿ ಅಕ್ಕಾರ!" ಎಂದು ಅರಚಿದ. ಇದ್ದದ್ದು ಎರಡೇ, ಅದರಲ್ಲೂ ಒಂದು ಹರಿದಿತ್ತು.

ಶೋಭಾರಾಣಿ ಗಂಡನಿಗೆ ಫೋನ್ ಮಾಡಿದಳು. ಏನೂ ಕೇಳಬೇಡ ಎಂದಿದ್ದವನಿಗೆ ಅವಳು ಅಷ್ಟು ತಿಂಗಳಲ್ಲಿ ಕೇಳಿದ್ದು ಅದೇ ಮೊದಲು. "ರೀ, ಮಳೆ ಬರ್ತಿದೆ. ಮೋಲ್ಡು ಹಸಿ ಇದೆ. ನಿಮ್ಮಲ್ಲಿ ಟಾರ್ಪಾಲು ಇದ್ಯಾ?"

ಆ ಕಡೆಯಿಂದ "ಬಂದೆ" ಎಂಬ ಒಂದೇ ಮಾತು.

ಮೊದಲ ದಪ್ಪ ಹನಿಗಳು ಬೀಳುವಾಗ ಒಂದು ಗೂಡ್ಸ್ ಆಟೋ ತಿರುವಿನಲ್ಲಿ ಕಾಣಿಸಿತು. ಅಪಾರ್ಟ್‌ಮೆಂಟಿನ ಪೇಂಟಿಂಗ್ ಕೆಲಸಕ್ಕೆ ತರಿಸಿದ್ದ ದೊಡ್ಡ ನೀಲಿ ಟಾರ್ಪಾಲುಗಳನ್ನೆಲ್ಲ ಮ್ಯಾನೇಜರನ್ನು ಕೇಳಿ ಹೇರಿಕೊಂಡು ಶಿವಶಂಕರ ಬಂದಿದ್ದ. ಶರಟು ಬಿಚ್ಚಿ ಎಸೆದು ಏಣಿ ಹತ್ತಿದ. ಒಂದೊಂದು ಮೂಲೆಯನ್ನು ಒಬ್ಬೊಬ್ಬರು ಹಿಡಿದರು. ಗಾಳಿ ಟಾರ್ಪಾಲನ್ನು ಜನರ ಸಮೇತ ಎತ್ತಿಕೊಂಡು ಹೋಗುವಂತಿತ್ತು. ಶಿವಶಂಕರ ಎಲ್ಲರಿಗೂ ಕೂಗಿ ಹೇಳುತ್ತಿದ್ದ, "ಎಳೀಬೇಡ್ರೋ, ಇಳಿಜಾರು ಕೊಡಿ! ನೀರು ಆ ಕಡೆ ಹೋಗ್ಲಿ! ಸೋಮಣ್ಣ, ಆ ಮೂಲೆಗೆ ಇಟ್ಟಿಗೆ ಇಡು!" ಮಳೆ ಸುರಿದಷ್ಟೂ ಹೊತ್ತು ಅವನು ಮೇಲಿಂದ ಕದಲಲಿಲ್ಲ. ಕೆಳಗೆ ಚಿಕ್ಕಮುನಿಯಮ್ಮ ಹಂಚಲು ತಂದಿದ್ದ ಮೈಸೂರುಪಾಕಿನ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ದೇವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಿದ್ದಳು.

ಮಳೆ ನಿಂತಾಗ ಎಲ್ಲರೂ ಕೊಚ್ಚೆಯಲ್ಲಿ ಅದ್ದಿ ತೆಗೆದಂತಿದ್ದರು. ಟಾರ್ಪಾಲು ಸರಿಸಿ ನೋಡಿದರು. ಒಂದು ಅಂಚಿನಲ್ಲಿ ಸಿಮೆಂಟು ಕೊಚ್ಚಿಹೋಗಿ ಜಲ್ಲಿ ಹಲ್ಲುಕಿರಿಯುತ್ತಿತ್ತು. ಉಳಿದದ್ದೆಲ್ಲ ಗಟ್ಟಿಯಾಗಿ, ನುಣ್ಣಗೆ ನಿಂತಿತ್ತು. ಮಾರನೇ ದಿನ ಮಂಜುಶ್ರೀ ಬಂದು ತಟ್ಟಿ ನೋಡಿ, ಅಂಚನ್ನಷ್ಟೇ ಕೆತ್ತಿ ಮತ್ತೆ ಹಾಕಿದರೆ ಸಾಕು ಎಂದಳು.

ಆ ಸಂಜೆ ಶಿವಶಂಕರ ಹಸಿ ಸೂರಿನ ಕೆಳಗೆ ಗೋಡೆಗಳನ್ನು ಬೆರಳಿನಿಂದ ತಟ್ಟುತ್ತ ಸುತ್ತಾಡಿದ. "ವೈರಿಂಗಿಗೆ ಯಾರಿಗೆ ಹೇಳಿದೀಯ?" ಎಂದು ಕೇಳಿದ.

"ಇನ್ನೂ ಯಾರಿಗೂ ಇಲ್ಲ."

"ಹೇಳ್ಬೇಡ. ನಾನೇ ಮಾಡ್ತೀನಿ. ಬೇರೆಯವ್ರು ಹಾಳ್ಮಾಡಿ ಹಾಕ್ತಾರೆ."

ರಜೆಯ ದಿನಗಳಲ್ಲಿ, ಪಾಳಿ ಮುಗಿದ ಮೇಲೆ, ಅವನು ಪೈಪು ಹೂಳಿದ, ತಂತಿ ಎಳೆದ. ಅಡುಗೆಮನೆಯಲ್ಲಿ ಹೆಂಡತಿಯ ನೆರಳು ಒಲೆಯ ಮೇಲೆ ಬೀಳದ ಹಾಗೆ ಒಂದು ದೀಪ ಇಟ್ಟ. ಕೆಲಸ ನೋಡಿದ ಬೀದಿಯವರು ತಮ್ಮ ಮನೆಗಳಿಗೂ ಕರೆಯತೊಡಗಿದರು. ಹೊಸ ಮನೆಯ ಮುಂಭಾಗದಲ್ಲಿ ಸ್ಕೂಟರ್ ನಿಲ್ಲಿಸಲು ಬಿಟ್ಟ ಜಾಗಕ್ಕೆ ಶೋಭಾರಾಣಿ ಒಂದು ರೋಲಿಂಗ್ ಷಟರ್ ಹಾಕಿಸಿದಳು. "ಗಾಡಿ ಆಚೆ ನಿಂತ್ಕೊಳ್ಳುತ್ತೆ ಬಿಡಿ" ಎಂದಳು. ಸ್ವಿಚ್ಚು, ಬಲ್ಬು, ವೈರಿನ ಸುರುಳಿಗಳಿಂದ ಆ ಪುಟ್ಟ ಜಾಗ ನಿಧಾನವಾಗಿ ತುಂಬಿತು. ಶಿವಶಂಕರ ಈಗಲೂ ಅಪಾರ್ಟ್‌ಮೆಂಟಿನ ಕೆಲಸ ಬಿಟ್ಟಿಲ್ಲ. ಆದರೆ ರಾತ್ರಿ ಪಾಳಿ ಬಿಟ್ಟಿದ್ದಾನೆ, ಸಂಜೆ ಅಂಗಡಿಯಲ್ಲಿರುತ್ತಾನೆ.

ಗೃಹಪ್ರವೇಶಕ್ಕೆ ಊರು, ವಠಾರ, ಡಿಪೋ ಎಲ್ಲ ಕಡೆಯ ಜನ ಸೇರಿದರು. ಶಿವಶಂಕರನ ಅತ್ತಿಗೆ ಕೋಣೆಯಿಂದ ಕೋಣೆಗೆ ಹೋಗಿ ನೋಡಿ, "ಚಿಕ್ಕದಾದ್ರೂ ಗಾಳಿ ಬೆಳಕು ಚೆನ್ನಾಗೈತೆ" ಎಂದಳು. ಬಾವಿ ಬಿಟ್ಟ ಮೂಲೆಯಿಂದ ಬಿಸಿಲು ಬರುತ್ತಿತ್ತು. ಬೀದಿಯಲ್ಲಿ ಬೇರೆ ಯಾರ ಮನೆಗೂ ಹಿಂದಿನಿಂದ ಬಿಸಿಲು ಬರುವುದಿಲ್ಲ. ಸೋಮಪ್ಪನಿಗೆ ಪಂಚೆ ಶಲ್ಯ, ಸಿದ್ದಕ್ಕನಿಗೆ ಸೀರೆ ಉಡುಗೊರೆ ಕೊಟ್ಟು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಬಂದವರಲ್ಲಿ ಇಬ್ಬರು ಸೋಮಪ್ಪನ ಫೋನ್ ನಂಬರ್ ತೆಗೆದುಕೊಂಡರು. ಈಗ ಅವನು ಗುಂಜೂರಿನಲ್ಲಿ ಒಂದು ಮನೆ ಕಟ್ಟುತ್ತಿದ್ದಾನೆ, ಸಿದ್ದಕ್ಕ ಮಣ್ಣು ಹೊರುವುದು ಬಿಟ್ಟು ಆಳುಗಳನ್ನು ನೋಡಿಕೊಳ್ಳುತ್ತಾಳೆ. ಅವಳ ದನಿ ಶೋಭಾರಾಣಿಯದಕ್ಕಿಂತ ಜೋರು ಎಂದು ಸೋಮಪ್ಪ ಹೇಳುತ್ತಾನೆ.

ಪೂಜೆ ಮಾಡಿಸಿದ ಪುರೋಹಿತರು ಸ್ವಲ್ಪ ದಿನ ಮಾಂಸ ಬೇಯಿಸಬೇಡಿ ಎಂದಿದ್ದರು. ಆ ದಿನಗಳು ಮುಗಿದ ಭಾನುವಾರ ನಾನು ಆ ಮನೆಯ ಮುಂದೆ ಹೋಗುತ್ತಿದ್ದೆ. ಹುರಿದ ಮಸಾಲೆಯ ಘಾಟು ಬೀದಿಗೆಲ್ಲ ಹರಡಿತ್ತು. ಒಳಗೆ ಚಿಕ್ಕಮುನಿಯಮ್ಮ ಒರಳು ಎಲ್ಲಿಡಬೇಕೆಂದು ಮೊಮ್ಮಗಳೊಂದಿಗೆ ಜಗಳವಾಡುತ್ತಿದ್ದಳು. ಶಿವಶಂಕರ ಕೊತ್ತಂಬರಿ ಸೊಪ್ಪಿಗೆ ಓಡಿದ. ಕೈಯಲ್ಲಿ ಸೌಟು ಹಿಡಿದು ಶೋಭಾರಾಣಿ ಬಾಗಿಲಿಗೆ ಬಂದಳು.

"ಎಲ್ಲಿಗೆ ಹೊರಟ್ರಿ ಸಾರ್? ನಾಟಿ ಕೋಳಿ ಸಾರು, ಮುದ್ದೆ ಇನ್ನೇನು ಆಯ್ತು. ಚಪ್ಲಿ ಬಿಟ್ಟು ಒಳಗೆ ಬನ್ನಿ."

ನಾನು ಒಳಗೆ ಹೋದೆ.